ಗಾಲಿಕುರ್ಚಿ, ಏರ್ ಬೆಡ್, ಎರವಲು ಪುಸ್ತಕ

ಮನೆಯಲ್ಲಿ ರೋಗಿಯ ಆರೈಕೆಗೆ ಬೇಕಾಗುವ ಸಲಕರಣೆಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬರುವುದು ಸ್ವಲ್ಪ ಕಾಲ, ಬಾಳಿಕೆ ಬರುವುದು ಬಹಳ ಕಾಲ. ಸೊಂಟದ ಮೂಳೆ ಮುರಿದ ಅಜ್ಜಿಗೆ ವಾಕರ್ ಎರಡು ಮೂರು ತಿಂಗಳಿಗೆ ಸಾಕು. ಆ ವಾಕರ್ ಹತ್ತು ವರ್ಷವಾದರೂ ಗಟ್ಟಿಯಾಗಿರುತ್ತದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗೆ ಏರ್ ಬೆಡ್ ಬೇಕಾಗುವುದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಆಮೇಲೆ ಅದು ಅಟ್ಟ ಸೇರುತ್ತದೆ. ಅದೇ ಹೊತ್ತಿಗೆ ಎರಡು ಊರಿನಾಚೆ ಇನ್ನೊಂದು ಮನೆಯವರು ಅಂಥದ್ದನ್ನೇ ಕೊಳ್ಳಲು ಸಾಲ ಮಾಡುತ್ತಿರುತ್ತಾರೆ. ಬಳಸಿದ ವೈದ್ಯಕೀಯ ಸಲಕರಣೆಗಳ ದಾನ, ಎರವಲು ಎಂಬ ವ್ಯವಸ್ಥೆ ಹುಟ್ಟಿದ್ದೇ ಈ ಅಟ್ಟಕ್ಕೂ ಆ ಸಾಲಕ್ಕೂ ನಡುವೆ ದಾರಿ ಮಾಡಲು.

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಂಥ ಕಡೆ ಈ ಅಗತ್ಯ ಎದ್ದು ಕಾಣುತ್ತದೆ. ಕಸಬಾ, ಬಾಣಾವರ, ಗಂಡಸಿ, ಜಾವಗಲ್, ಕಣಕಟ್ಟೆ ಹೋಬಳಿಗಳ ಈ ತಾಲ್ಲೂಕಿನಲ್ಲಿ ತೆಂಗೇ ಮುಖ್ಯ ಬೆಳೆ. ಕಾಯಿ ಕೀಳಲು ಮರ ಹತ್ತಿದವರು ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಳ್ಳುವುದು ತೆಂಗಿನ ಸೀಮೆಗೆ ಹೊಸದಲ್ಲ. ಮರ ಹತ್ತುವವರಿಗೆಂದೇ ತೆಂಗು ಅಭಿವೃದ್ಧಿ ಮಂಡಳಿ ‘ಕೇರ ಸುರಕ್ಷಾ’ ಎಂಬ ವಿಮೆ ನಡೆಸುತ್ತಿರುವುದೇ ಈ ಅಪಾಯ ಎಷ್ಟೆಂಬುದಕ್ಕೆ ಸಾಕ್ಷಿ. ಪಕ್ಕದ ಬೇಲೂರು ತಾಲ್ಲೂಕಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಬಿಡಿಸುವವರದೂ ಅದೇ ಪಾಡು. ಇವರ ಜೊತೆಗೆ ಲಕ್ವ ಹೊಡೆದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಊರಿನಲ್ಲಿ ಉಳಿದ ವೃದ್ಧರು. ದೊಡ್ಡ ಚಿಕಿತ್ಸೆ ಹಾಸನದ ಹಿಮ್ಸ್‌ನಲ್ಲೋ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿಗಳಲ್ಲೋ ನಡೆಯುತ್ತದೆ. ಅರಸೀಕೆರೆ ರೈಲ್ವೆ ಜಂಕ್ಷನ್ ಆಗಿರುವುದರಿಂದ ಹೋಗಿಬರುವುದು ಅಷ್ಟು ಕಷ್ಟವಲ್ಲ. ತೊಡಕು ಶುರುವಾಗುವುದು ಡಿಸ್ಚಾರ್ಜ್ ಆದ ದಿನ. ಆಸ್ಪತ್ರೆಯಲ್ಲಿ ಬೆನ್ನು ಎತ್ತಿ ಇಳಿಸಲು ಬರುತ್ತಿದ್ದ ಮಂಚ, ಹಾಸಿಗೆ ಹುಣ್ಣು ತಡೆಯುವ ಹಾಸಿಗೆ, ಕಫ ಎಳೆಯುವ ಯಂತ್ರ ಯಾವುವೂ ರೋಗಿಯೊಂದಿಗೆ ಮನೆಗೆ ಬರುವುದಿಲ್ಲ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಯ ಚಿಕಿತ್ಸೆಯ ಸುತ್ತ ಕಟ್ಟಿದ್ದು. ಮನೆಯ ಆರೈಕೆ ಮನೆಯವರ ಪಾಲಿನದು.

ಸರ್ಕಾರದಿಂದ ಸಲಕರಣೆ ಸಿಗುವ ದಾರಿಗಳು ಬೇರೆ ಇವೆ. 1981ರಲ್ಲಿ ಶುರುವಾದ ಕೇಂದ್ರದ ಅಡಿಪ್ ಯೋಜನೆಯಲ್ಲಿ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆಯ ಪ್ರಮಾಣಪತ್ರ ಇದ್ದವರಿಗೆ ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಶ್ರವಣಸಾಧನ, ಊರುಗೋಲುಗಳನ್ನು ಕೊಡುತ್ತಾರೆ. 2022ರ ಪರಿಷ್ಕರಣೆಯಂತೆ ತಿಂಗಳ ಆದಾಯ 22,500 ರೂಪಾಯಿವರೆಗೆ ಇದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ ಅರವತ್ತು ದಾಟಿದ ಬಡವರಿಗಾಗಿ. ಎರಡಕ್ಕೂ ಸಾಮಾನು ತಯಾರಾಗುವುದು ಮುಖ್ಯವಾಗಿ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಅಲಿಮ್ಕೊ ಕಾರ್ಖಾನೆಯಲ್ಲಿ. ಅದರ ಒಂದು ಘಟಕ ಬೆಂಗಳೂರಿನಲ್ಲೂ ಇದೆ. ಇದಲ್ಲದೆ ಗ್ರಾಮ ಪಂಚಾಯಿತಿಗಳು ತಮ್ಮ ಸಂಪನ್ಮೂಲದಲ್ಲಿ ಶೇ. 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಈ ಸವಲತ್ತುಗಳನ್ನು ಮನೆಮನೆಗೆ ಮುಟ್ಟಿಸಲು ಪಂಚಾಯಿತಿಗೊಬ್ಬ ವಿ.ಆರ್.ಡಬ್ಲ್ಯೂ., ತಾಲ್ಲೂಕಿಗೊಬ್ಬ ಎಂ.ಆರ್.ಡಬ್ಲ್ಯೂ. ಎಂಬ ಗೌರವಧನದ ಕಾರ್ಯಕರ್ತರಿದ್ದಾರೆ. ಖಾಸಗಿ ಕಡೆಯಿಂದ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಜನಮಂಗಲ’ ಕಾರ್ಯಕ್ರಮ ರಾಜ್ಯದ ತಾಲ್ಲೂಕುಗಳಲ್ಲಿ ಗಾಲಿಕುರ್ಚಿ, ವಾಟರ್ ಬೆಡ್, ವಾಕರ್, ಕಮೋಡ್ ಕುರ್ಚಿಗಳನ್ನು ಹಂಚುತ್ತದೆ.

ಇವೆಲ್ಲ ಒಮ್ಮೆ ಕೊಟ್ಟು ಕೈಬಿಡುವ ಕ್ರಮಗಳು. ಅಡಿಪ್‌ನಲ್ಲಿ ಮೊದಲು ತಪಾಸಣಾ ಶಿಬಿರ, ಆಮೇಲೆ ವಿತರಣಾ ಶಿಬಿರ. ನಡುವೆ ತಿಂಗಳುಗಳು ಕಳೆಯುವುದುಂಟು. ಒಮ್ಮೆ ಪಡೆದವರು ಇನ್ನೊಂದನ್ನು ಕೇಳಬೇಕಾದರೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಕಾಲು ಮುರಿದು ಮೂರು ತಿಂಗಳಲ್ಲಿ ಎದ್ದು ಓಡಾಡುವವರಂತೂ ಯಾವ ಪಟ್ಟಿಗೂ ಸೇರುವುದಿಲ್ಲ, ಏಕೆಂದರೆ ಅವರದು ಶಾಶ್ವತ ಅಂಗವಿಕಲತೆಯಲ್ಲ. ಪ್ರಮಾಣಪತ್ರ ಬರುವವರೆಗಿನ ಅವಧಿ, ವಾಸಿಯಾಗುವ ಕಾಯಿಲೆ, ವಾಸಿಯಾಗದ ಕಾಯಿಲೆಯ ಕೊನೆಯ ತಿಂಗಳು, ಈ ಮೂರಕ್ಕೂ ದಾನಕ್ಕಿಂತ ಎರವಲೇ ಸರಿ. ಹಾಗಿದ್ದೂ ಸಭೆ, ಶಾಲು, ಫೋಟೊಗಳೊಂದಿಗೆ ನಡೆಯುವ ವಿತರಣೆಗಳಿಗೆ ಹೋಲಿಸಿದರೆ ಎರವಲಿನ ಏರ್ಪಾಡುಗಳು ಕಡಿಮೆ. ಎರವಲು ಕೊಡುವುದೆಂದರೆ ಅದೇ ವಸ್ತುವನ್ನು ಮತ್ತೆ ಮತ್ತೆ ತೊಳೆದು, ರಿಪೇರಿ ಮಾಡಿ, ವಾಪಸು ಕೇಳಬೇಕು. ಆ ಕೆಲಸಕ್ಕೆ ವೇದಿಕೆಯಿಲ್ಲ.

ಎರವಲಿನ ಪದ್ಧತಿ ಹೊಸದೇನಲ್ಲ. ಬ್ರಿಟನ್ನಿನ ರೆಡ್ ಕ್ರಾಸ್ ಗಾಲಿಕುರ್ಚಿ ಮುಂತಾದವನ್ನು ಎರವಲು ಕೊಡುವುದು ತಲೆಮಾರುಗಳಿಂದ ನಡೆದುಬಂದಿದೆ. ಪೋಲಿಯೊ ಹಾವಳಿಯ ಕಾಲದಲ್ಲಿ ಅಮೆರಿಕದಲ್ಲಿ ಉಸಿರಾಟದ ಕಬ್ಬಿಣದ ಪೆಟ್ಟಿಗೆಗಳನ್ನು ಒಂದೆಡೆ ಇಟ್ಟು ರೋಗ ಹಬ್ಬಿದ ಊರಿಗೆ ಕಳಿಸುವ ಏರ್ಪಾಡಿತ್ತು. 1938ರಲ್ಲಿ ಮೋರಿಸ್ ಕಾರಿನ ತಯಾರಕ ಲಾರ್ಡ್ ನಫೀಲ್ಡ್ ತನ್ನ ಕಾರ್ಖಾನೆಯಲ್ಲಿ ಅಂಥ ಪೆಟ್ಟಿಗೆಗಳನ್ನು ಮರದಲ್ಲಿ ಮಾಡಿಸಿ, ಬ್ರಿಟಿಷ್ ಸಾಮ್ರಾಜ್ಯದ ಯಾವ ಆಸ್ಪತ್ರೆ ಕೇಳಿದರೂ ದಾನ ಕೊಡುವುದಾಗಿ ಸಾರಿದ. ಈ ಕಾಲದ ದೊಡ್ಡ ಉದಾಹರಣೆ ಇಸ್ರೇಲಿನ ಯಾದ್ ಸಾರಾ. ಜೆರುಸಲೇಮಿನ ಶಿಕ್ಷಕ ಊರಿ ಲುಪೊಲಿಯಾನ್ಸ್ಕಿ ತನ್ನ ಮಗುವಿಗಾಗಿ ನೆರೆಯವರಿಂದ ಆವಿ ಕೊಡುವ ಯಂತ್ರ ಎರವಲು ತಂದದ್ದರಿಂದ ಹುಟ್ಟಿದ ಯೋಚನೆ 1976ರಲ್ಲಿ ಸಂಸ್ಥೆಯಾಯಿತು. ಆತ ಮುಂದೆ ಆ ನಗರದ ಮೇಯರ್ ಆದ. ಠೇವಣಿ ಪಡೆದು ಸಾಮಾನು ಕೊಡುವುದು, ವಾಪಸಾದಾಗ ಠೇವಣಿ ಮರಳಿಸುವುದು ಅಲ್ಲಿನ ಕ್ರಮ. ನಮ್ಮ ನೆರೆಯ ಮಹಾರಾಷ್ಟ್ರದ ಪೇಟೆಗಳಲ್ಲಿ ‘ರುಗ್ಣೋಪಯೋಗಿ ಸಾಹಿತ್ಯ ಕೇಂದ್ರ’ ಎಂಬ ಫಲಕ ಅಪರೂಪವಲ್ಲ. ಅಲ್ಲಿ ಸಾಹಿತ್ಯವೆಂದರೆ ಸಾಮಾನು.

ಬಳಸಿದ ಸಲಕರಣೆ ಹೊರಬರುವುದು ಹೆಚ್ಚಾಗಿ ಸಾವಿನ ಮನೆಯಿಂದ. ಇಲ್ಲಿ ಆಚಾರ ಎರಡು ಕಡೆಗೂ ಎಳೆಯುತ್ತದೆ. ಸತ್ತವರ ಹೆಸರಿನಲ್ಲಿ ಹಾಸಿಗೆ, ಕೊಡೆ, ಚಪ್ಪಲಿ ದಾನ ಮಾಡುವ ಶಯ್ಯಾದಾನದ ಪದ್ಧತಿ ಕೆಲವು ಸಮುದಾಯಗಳಲ್ಲಿದೆ. ಕಾರ್ಯದ ದಿನದೊಳಗೆ ಸತ್ತವರು ಬಳಸಿದ್ದನ್ನು ಮನೆಯಿಂದ ಸಾಗಿಸಿಬಿಡಬೇಕೆಂಬ ಅವಸರವಂತೂ ಬಹುತೇಕ ಎಲ್ಲೆಡೆ. ಕೊಡುವ ಮನೆಗೆ ಇದು ಅನುಕೂಲ. ಪಡೆಯುವ ಮನೆಯಲ್ಲಿ ಮಾತ್ರ ‘ಸತ್ತವರು ಮಲಗಿದ್ದ ಮಂಚ’ ಎಂಬ ಅಳುಕು. ಸಾಮಾನು ಒಂದು ಮನೆಯಿಂದ ನೇರವಾಗಿ ಇನ್ನೊಂದು ಮನೆಗೆ ಹೋದಾಗ ಈ ಅಳುಕು ಹೆಚ್ಚು. ನಡುವೆ ಮಠವೋ ಸಂಘವೋ ಆಸ್ಪತ್ರೆಯೋ ಪಡೆದು, ತೊಳೆದು, ಬಣ್ಣ ಬಳಿದು, ನಂಬರ್ ಬರೆದು ಕೊಟ್ಟರೆ ಅದು ಯಾರೋ ಒಬ್ಬರ ಮಂಚವಾಗಿ ಉಳಿಯುವುದಿಲ್ಲ. ಮಧ್ಯದ ಸಂಸ್ಥೆಯಿಂದ ಆಗುವ ಉಪಕಾರಗಳಲ್ಲಿ ಇದೂ ಒಂದು.

ಬಂದದ್ದನ್ನೆಲ್ಲ ಮರಳಿ ಕೊಡಲಾಗದು. ಮಂಚ, ಗಾಲಿಕುರ್ಚಿ, ವಾಕರ್, ಊರುಗೋಲು, ಕಮೋಡ್ ಕುರ್ಚಿ, ಸಲೈನ್ ಸ್ಟ್ಯಾಂಡುಗಳು ಲೋಹದವು. ಚೆನ್ನಾಗಿ ತೊಳೆದರೆ ತೊಂದರೆಯಿಲ್ಲ. ರೆಕ್ಸಿನ್ ಹೊದಿಕೆ ಹರಿದು ಒಳಗಿನ ಸ್ಪಂಜು ಕಾಣುವ ಹಾಸಿಗೆ ಬೇಡ, ಏಕೆಂದರೆ ಒಳಗೆ ಇಳಿದ ಮೂತ್ರ, ಕೀವನ್ನು ತೆಗೆಯುವ ಉಪಾಯವಿಲ್ಲ. ನೆಬ್ಯುಲೈಸರ್ ಯಂತ್ರ ಕೈ ಬದಲಾಗಬಹುದು, ಅದರ ಮಾಸ್ಕ್ ಮತ್ತು ನಳಿಕೆ ಆಗಬಾರದು. ಸಕ್ಷನ್ ಯಂತ್ರದ ನಳಿಕೆ, ಆಮ್ಲಜನಕದ ಮೂಗುನಳಿಕೆ, ಶ್ರವಣಸಾಧನದ ಕಿವಿ ಅಚ್ಚುಗಳಿಗೂ ಇದೇ ನಿಯಮ. ಕ್ಯಾಥೆಟರ್, ಆಹಾರದ ನಳಿಕೆಗಳು ಒಬ್ಬರಿಗೆ ಒಮ್ಮೆ ಬಳಸುವಂಥವು. ಕೃತಕ ಕಾಲು ಅಳತೆಗೆ ಮಾಡಿದ್ದು. ಅದರ ಪಾದ, ಕೀಲುಗಳು ಕೆಲಸಕ್ಕೆ ಬಂದಾವು, ತೊಡೆ ಕೂರುವ ಬಟ್ಟಲು ಬಾರದು.

ಶುಚಿ ಮಾಡುವ ಕ್ರಮ ಸರಳ, ಆದರೆ ಅನುಕ್ರಮ ತಪ್ಪಬಾರದು. ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ಕೊಳೆ ತೆಗೆಯಬೇಕು. ಕೊಳೆಯ ಮೇಲೆ ಸುರಿದ ಸೋಂಕುನಾಶಕ ಕೆಲಸ ಮಾಡುವುದಿಲ್ಲ. ಆಮೇಲೆ ಅರ್ಧ ಶೇಕಡಾ ಹೈಪೋಕ್ಲೋರೈಟ್, ಅಂದರೆ ಐದು ಶೇಕಡಾ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಡಬೇಕು. ಕಬ್ಬಿಣದ ಭಾಗವಾದರೆ ಮತ್ತೆ ಬರಿ ನೀರಿನಲ್ಲಿ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಏರ್ ಬೆಡ್ಡಿಗೆ ಇನ್ನೂ ಒಂದು ಪರೀಕ್ಷೆ ಇದೆ. ಅದರ ಪಂಪು ಕೆಲವು ನಿಮಿಷಕ್ಕೊಮ್ಮೆ ಒಂದು ಸಾಲು ಗುಳ್ಳೆಗಳನ್ನು ಉಬ್ಬಿಸಿ ಇನ್ನೊಂದನ್ನು ತಗ್ಗಿಸುತ್ತದೆ; ಮೈಯ ಒಂದೇ ಜಾಗದ ಮೇಲೆ ಒತ್ತಡ ಬೀಳದಿರುವುದು ಹೀಗೆ. ಇಡೀ ರಾತ್ರಿ ಓಡಿಸಿ, ಬೆಳಗ್ಗೆ ಗಾಳಿ ನಿಂತಿದೆಯೇ ನೋಡಿ ಕೊಡಬೇಕು. ಅರ್ಧ ಇಳಿದ ಏರ್ ಬೆಡ್ ಮೇಲೆ ಮಲಗಿಸಿ, ಹಾಸಿಗೆ ಇದೆಯಲ್ಲ ಎಂಬ ನಂಬಿಕೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನೂ ಬಿಟ್ಟರೆ ಹಾಸಿಗೆ ಹುಣ್ಣು ಬೇಗ ಬರುತ್ತದೆ.

ವಸ್ತು ಚೆನ್ನಾಗಿದ್ದರೆ ಸಾಲದು, ಆ ಮೈಗೂ ಆ ಮನೆಗೂ ಹೊಂದಬೇಕು. ವಾಕರ್ ಹಿಡಿಕೆ ನಿಂತವರ ಮಣಿಕಟ್ಟಿನ ಗೆರೆಗೆ ಸರಿಯಾಗಿರಬೇಕು, ಮೊಣಕೈ ತುಸು ಬಾಗಿರಬೇಕು. ಕಂಕುಳಿನ ಊರುಗೋಲು ಕಂಕುಳಿಗೆ ತಾಗದೆ ಎರಡು ಮೂರು ಬೆರಳು ಕೆಳಗಿರಬೇಕು. ತಾಗಿದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಇವೆರಡರಲ್ಲೂ ಮೊದಲು ನೋಡಬೇಕಾದದ್ದು ಕಾಲಿನ ರಬ್ಬರ್ ಬಿರಡೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆ ಬಿರಡೆ ಸವೆದಿದ್ದರೆ ಒದ್ದೆ ಬಚ್ಚಲಿನಲ್ಲಿ ಎರಡನೆಯ ಸಲ ಮೂಳೆ ಮುರಿಯುವುದು ಖಚಿತವೆಂದೇ ಹೇಳಬೇಕು. ಗಾಲಿಕುರ್ಚಿಯ ವಿಚಾರ ಇನ್ನೂ ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿ ಗಾಲಿಕುರ್ಚಿ ಸೇವೆಗೆ ಎಂಟು ಹಂತಗಳನ್ನು ಹೇಳುತ್ತದೆ. ಕುರ್ಚಿ ತಯಾರಾಗುವುದು ಐದನೆಯದು, ಅಳತೆಗೆ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ಹೋಗಿ ವಿಚಾರಿಸುವುದು ಅದರ ನಂತರದ ಮೂರು. ವಿತರಣಾ ಸಮಾರಂಭ ಮುಗಿಯುವುದು ಸಾಮಾನ್ಯವಾಗಿ ಐದರಲ್ಲೇ. ಆಸ್ಪತ್ರೆಯ ಮೊಸಾಯಿಕ್ ನೆಲಕ್ಕೆಂದು ಮಾಡಿದ ಸಣ್ಣ ಮುಂಗಾಲಿಯ ಕುರ್ಚಿ ಜಾವಗಲ್ ಕಡೆಯ ಹಳ್ಳಿಯ ಜಗಲಿ ಇಳಿಯುವುದಿಲ್ಲ, ಹೊಸ್ತಿಲು ದಾಟುವುದಿಲ್ಲ, ಬಚ್ಚಲ ಬಾಗಿಲಿನಲ್ಲಿ ಹಿಡಿಸುವುದಿಲ್ಲ. ಬಾಗಿಲಿನ ಅಗಲ ಅಳೆದು ತಂದವರಿಗೆ ಮಾತ್ರ ಕುರ್ಚಿ ಕೊಡುವ ನಿಯಮ ಬಡವರಿಗೆ ಕಿರುಕುಳದಂತೆ ಕಂಡರೂ ಅದೇ ನ್ಯಾಯ. ಬೆಂಗಳೂರಿನಲ್ಲಿ 1959ರಿಂದ ಇರುವ ಎ.ಪಿ.ಡಿ., 1994ರಿಂದ ಇರುವ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ಈ ಹೊಂದಿಕೆಯ ವಿದ್ಯೆಯಲ್ಲಿ ಪಳಗಿದವು.

ರಿಪೇರಿಗೆ ದೂರ ಹೋಗಬೇಕಿಲ್ಲ. ಗಾಳಿ ತುಂಬುವ ಗಾಲಿಯಾದರೆ ಪಂಕ್ಚರ್ ಹಾಕಲು ಸೈಕಲ್ ಶಾಪ್, ಕೂರುವ ರೆಕ್ಸಿನ್ ಹೊಲಿಯಲು ಸೀಟ್ ಕವರ್ ಅಂಗಡಿ, ಮುರಿದ ಪಾದದ ಹಲಗೆಗೆ ವೆಲ್ಡಿಂಗ್ ಶಾಪ್ ಸಾಕು. ಮೂರೂ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತವೆ. ಮೂಲೆ ಸೇರಿದ ಅನೇಕ ಗಾಲಿಕುರ್ಚಿಗಳ ಕಾಯಿಲೆ ಮುಂಗಾಲಿಯ ಬೇರಿಂಗು, ಇಲ್ಲವೇ ಬ್ರೇಕಿನ ಒಂದು ಬೋಲ್ಟು.

ವಿದ್ಯುತ್ತಿನಿಂದ ನಡೆಯುವ ಸಲಕರಣೆಗಳ ಲೆಕ್ಕ ಬೇರೆ. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಕೋವಿಡ್ ಅಲೆಯಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯ ಆಮ್ಲಜನಕ ಕೊರತೆಯ ದುರಂತ ರಾಜ್ಯವನ್ನು ನಡುಗಿಸಿದ ದಿನಗಳಲ್ಲಿ, ಆಮ್ಲಜನಕದ ಕಾನ್ಸಂಟ್ರೇಟರ್‌ಗಳು ಹೊರದೇಶದ ಕನ್ನಡಿಗರಿಂದ, ಕಂಪನಿಗಳಿಂದ, ಕ್ಲಬ್ಬುಗಳಿಂದ ಹರಿದುಬಂದವು. ಅಲೆ ಇಳಿದ ಮೇಲೆ ಅನೇಕ ಯಂತ್ರಗಳು ಗೋದಾಮು ಸೇರಿದವು. ಈ ಯಂತ್ರ ಗಾಳಿಯನ್ನು ಜಿಯೋಲೈಟ್ ಎಂಬ ಹರಳುಗಳ ಮೂಲಕ ಒತ್ತಿ, ಸಾರಜನಕವನ್ನು ಅಲ್ಲೇ ತಡೆದು, ಶೇ. 90ಕ್ಕೂ ಹೆಚ್ಚು ಶುದ್ಧತೆಯ ಆಮ್ಲಜನಕವನ್ನು ಹೊರಬಿಡುತ್ತದೆ. ಹರಳುಗಳಿಗೆ ತೇವ ಶತ್ರು. ವರ್ಷಗಟ್ಟಲೆ ಓಡಿಸದೆ ಇಟ್ಟರೆ ಅವು ತೇವ ಹೀರಿ ಶಕ್ತಿಗುಂದುತ್ತವೆ; ಆಗ ಯಂತ್ರ ಸದ್ದು ಮಾಡುತ್ತದೆ, ಗಾಳಿಯನ್ನೂ ಬಿಡುತ್ತದೆ, ಆಮ್ಲಜನಕದ ಪ್ರಮಾಣ ಮಾತ್ರ ಇಳಿದಿರುತ್ತದೆ. ಆಮ್ಲಜನಕ ಅಳೆಯುವ ಮಾಪಕ ಹಿಡಿದು ನೋಡದೆ ಹಳೆಯ ಕಾನ್ಸಂಟ್ರೇಟರ್ ಕೊಡುವುದು ಖಾಲಿ ಸಿಲಿಂಡರ್ ಕೊಟ್ಟಷ್ಟೇ ಅಪಾಯ.

ಕರೆಂಟಿನ ಖರ್ಚನ್ನೂ ಮೊದಲೇ ಹೇಳಬೇಕು. ನಿಮಿಷಕ್ಕೆ ಐದು ಲೀಟರಿನ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ದಿನವಿಡೀ ಓಡಿದರೆ ಎಂಟೂವರೆ ಯೂನಿಟ್ ಹತ್ತಿರ, ತಿಂಗಳಿಗೆ 250. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಗರಿಷ್ಠ ಮಿತಿ 200 ಯೂನಿಟ್. ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. ಉಚಿತವಾಗಿ ಬಂದ ಯಂತ್ರ ಉಚಿತ ಕರೆಂಟನ್ನು ಕಳೆಯುತ್ತದೆ. ಕರೆಂಟು ಹೋದಾಗಲೆಂದು ಒಂದು ಬಿ ಮಾದರಿಯ ಸಿಲಿಂಡರ್ ಜೊತೆಗಿರಬೇಕು. ಅದರಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಸೌದೆ ಒಲೆ, ಬೀಡಿಗಳಿಂದ ಎರಡನ್ನೂ ದೂರ ಇಡಬೇಕು. ತೆಂಗಿನ ಚಿಪ್ಪು, ಮಟ್ಟೆ ಉರಿಸುವ ಮನೆಗಳಲ್ಲಿ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಹೋಗಿ ನೋಡಬೇಕು. ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್, ಬೈಪ್ಯಾಪ್ ಯಂತ್ರಗಳಲ್ಲಿ ಮಾದರಿಯ ಹೆಸರನ್ನೂ ಪರೀಕ್ಷಿಸುವುದು ಅಗತ್ಯ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗಿ ಶ್ವಾಸಕೋಶ ಸೇರಬಹುದೆಂದು ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಿತು. ಕೊಂಡವರಿಗೆ ಬಂದ ಎಚ್ಚರಿಕೆಯ ಪತ್ರ ಎರವಲು ಪಡೆದವರಿಗೆ ತಲುಪುವುದಿಲ್ಲ.

ಎರವಲು ಕೇಂದ್ರದ ಜೀವ ಇರುವುದು ಅದರ ಪುಸ್ತಕದಲ್ಲಿ. ವಸ್ತುವಿನ ನಂಬರ್, ಕೊಂಡೊಯ್ದವರ ಹೆಸರು, ಪಕ್ಕದ ಮನೆಯವರ ಫೋನ್, ಕೊಟ್ಟ ದಿನ, ಕೊಟ್ಟಾಗಿನ ಸ್ಥಿತಿ, ವೈದ್ಯರು ಬರೆದ ಅವಧಿ, ಠೇವಣಿ, ಇಷ್ಟು ಕಲಮುಗಳು ಸಾಕು. ಠೇವಣಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಬೇಡ ಎನ್ನುವವರು ಬಡವರ ನೆಪ ಹೇಳುತ್ತಾರೆ. ಬೇಕು ಎನ್ನುವವರು ವಾಪಸಾಗದ ಕುರ್ಚಿಗಳನ್ನು ತೋರಿಸುತ್ತಾರೆ. ಗಾಲಿಕುರ್ಚಿಯ ಬೆಲೆ ಐದಾರು ಸಾವಿರವಿರುವಾಗ ಐನೂರು ರೂಪಾಯಿ ಠೇವಣಿ ವಸ್ತುವನ್ನು ಕಾಯುವುದಿಲ್ಲ, ಆದರೆ ಇದು ನಮ್ಮದಲ್ಲ ಎಂಬ ನೆನಪನ್ನು ಕಾಯುತ್ತದೆ. ಕೊಡಲಾಗದವರಿಗೆ ಆಶಾ ಕಾರ್ಯಕರ್ತೆಯ ಅಥವಾ ವಿ.ಆರ್.ಡಬ್ಲ್ಯೂ. ಸಹಿ ಸಾಕೆಂಬ ವಿನಾಯಿತಿ ಇರಬಹುದು. ವಾಪಸು ಬಾರದಿರಲು ದುರಾಸೆಗಿಂತ ಸಾಗಾಟ ದೊಡ್ಡ ಕಾರಣ. ಎತ್ತಿ ಇಳಿಸುವ ಕಬ್ಬಿಣದ ಮಂಚವನ್ನು ಕಣಕಟ್ಟೆಯಿಂದ ಅರಸೀಕೆರೆಗೆ ತರಲು ಗೂಡ್ಸ್ ಆಟೊ ಬೇಕು. ಕಾರ್ಯದ ಖರ್ಚಿನಲ್ಲಿ ಮುಳುಗಿದ ಮನೆ ಆ ಬಾಡಿಗೆಯನ್ನು ಮುಂದೂಡುತ್ತದೆ, ಮುಂದೂಡಿದ್ದು ಮರೆತುಹೋಗುತ್ತದೆ, ಮಂಚದ ಮೇಲೆ ಕೊಬ್ಬರಿ ಚೀಲಗಳು ಕೂರುತ್ತವೆ. ದಾನಿಗಳು ಹೊಸ ಕುರ್ಚಿಗೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಈ ಆಟೊ ಬಾಡಿಗೆಗೆ ತೆಗೆದಿಟ್ಟರೆ ಇರುವ ಸಾಮಾನೇ ಇನ್ನಷ್ಟು ಮನೆ ಮುಟ್ಟೀತು. ಆದರೆ ಆಟೊ ಬಾಡಿಗೆಯ ಮೇಲೆ ದಾನಿಯ ಹೆಸರು ಬರೆಸಲಾಗದು.

ವಾಪಸಾತಿಯ ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿರುವುದು ಕೇರಳ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ನೋವು ಮತ್ತು ಉಪಶಮನ ಚಿಕಿತ್ಸೆಯ ಚಳವಳಿ ಮಲಪ್ಪುರಂ ಕಡೆ ಊರವರ ಕೈಗೆ ಬಂತು. 2008ರಲ್ಲಿ ರಾಜ್ಯ ಅದನ್ನು ನೀತಿಯಾಗಿಸಿ ಪಂಚಾಯಿತಿಗಳಿಗೆ ಹೊಣೆ ಕೊಟ್ಟಿತು. ಪಂಚಾಯಿತಿಯ ಉಪಶಮನ ನರ್ಸ್ ಮನೆಗೆ ಹೋಗುವಾಗ ಏರ್ ಬೆಡ್, ಗಾಲಿಕುರ್ಚಿಗಳೂ ಹೋಗುತ್ತವೆ, ಅಗತ್ಯ ತೀರಿದಾಗ ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಕನ್ನಡ, ತುಳು ಮಾತಿನ ಕಾಸರಗೋಡಿನ ಎಣ್ಮಕಜೆಯಂಥ ಗ್ರಾಮಗಳಿಗೆ ಇದರ ಬೆಲೆ ಗೊತ್ತು. ಅಲ್ಲಿನ ಗೇರು ತೋಟಗಳಿಗೆ ಎರಡು ದಶಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನ ಸಂತ್ರಸ್ತರಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದರು. ಮಗು ಬೆಳೆದಂತೆ ಕುರ್ಚಿ ಚಿಕ್ಕದಾಗುತ್ತದೆ; ಒಮ್ಮೆ ಕೊಟ್ಟ ದಾನದಿಂದ ಅಂಥ ಮನೆಗೆ ಒಂದೆರಡು ವರ್ಷದ ಪ್ರಯೋಜನವಷ್ಟೇ. ಎರವಲಿನಲ್ಲಿ ಚಿಕ್ಕದನ್ನು ಮರಳಿಸಿ ದೊಡ್ಡದನ್ನು ಪಡೆಯಬಹುದು. ಕರ್ನಾಟಕದಲ್ಲಿ ಆಶಾ, ವಿ.ಆರ್.ಡಬ್ಲ್ಯೂ., ಶೇ. 5ರ ಅನುದಾನ ಮೂರೂ ಇದ್ದು, ಮೂರನ್ನೂ ಕಟ್ಟುವ ಹಗ್ಗವೊಂದೇ ಇಲ್ಲ.

ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ದೊಡ್ಡ ಯಂತ್ರಗಳಿಗೆ ಕಾನೂನಿನ ಕಟ್ಟುಗಳಿವೆ. ನೋಂದಣಿಯಿಲ್ಲದ ಕೇಂದ್ರಕ್ಕೆ ಹಳೆಯ ಅಲ್ಟ್ರಾಸೌಂಡ್ ಯಂತ್ರ ಕೊಡುವುದು, ದಾನವಾದರೂ ಸರಿ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಪರಾಧ. ಎಕ್ಸ್‌ರೇ ಯಂತ್ರ ಕೈ ಬದಲಾಗಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ತುರ್ತು ಚಿಕಿತ್ಸೆಯ ಬಳಸಿದ ಉಪಕರಣಗಳನ್ನು ಹೊರದೇಶದಿಂದ ತರಿಸುವುದನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ತಡೆಯುತ್ತವೆ. ಅಮೆರಿಕದ ಆಸ್ಪತ್ರೆ ಬದಲಿಸಿದ ವೆಂಟಿಲೇಟರನ್ನು ಹುಟ್ಟೂರಿಗೆ ಕಳಿಸಬಯಸುವ ಕನ್ನಡಿಗರು ಇದನ್ನು ಅರಿತಿರುವುದು ಒಳಿತು. ಈ ಬಿಗಿಗೆ ಕಾರಣವಿದೆ. 16 ದೇಶಗಳ 1,12,040 ಉಪಕರಣಗಳನ್ನು ಗಣನೆಗೆ ತೆಗೆದುಕೊಂಡು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳಲ್ಲಿ ಶೇ. 38.3 ಕೆಟ್ಟು ನಿಂತಿದ್ದವೆಂದು ಕಂಡುಕೊಂಡಿತು. ತರಬೇತಿಯ ಕೊರತೆ, ನಿರ್ವಹಣೆಯ ಕೊರತೆ, ವಿದ್ಯುತ್ತಿನಂಥ ಮೂಲಸೌಕರ್ಯದ ಕೊರತೆ ಮುಖ್ಯ ಕಾರಣಗಳು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಉಪಕರಣ ದಾನಕ್ಕೆ ಮಾರ್ಗಸೂಚಿ ಕೊಟ್ಟಿತು. ಅದರ ತಿರುಳು: ದಾನಿಯ ದೇಶದಲ್ಲಿ ಒಪ್ಪದ ಗುಣಮಟ್ಟ ಪಡೆಯುವವರಿಗೂ ಒಪ್ಪತಕ್ಕದ್ದಲ್ಲ, ಮತ್ತು ಕೇಳದೆ ಕಳಿಸಬಾರದು.

ಮೈಯೊಳಗಿನ ಸಾಧನಗಳ ಮರುಬಳಕೆ ಇನ್ನೂ ಸಂಶೋಧನೆಯ ವಿಷಯ. ಅಮೆರಿಕದಲ್ಲಿ ಮೃತರಿಂದ ತೆಗೆದ ಪೇಸ್‌ಮೇಕರ್‌ಗಳನ್ನು ಶುದ್ಧೀಕರಿಸಿ ಮುಂಬಯಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ 53 ಬಡ ರೋಗಿಗಳಿಗೆ ಅಳವಡಿಸಿದ ಪ್ರಯೋಗ 2011ರಲ್ಲಿ ವರದಿಯಾಯಿತು, ಫಲಿತಾಂಶ ಚೆನ್ನಾಗಿತ್ತು. ತಾಲ್ಲೂಕು ಮಟ್ಟದ ಎರವಲು ಕೇಂದ್ರಕ್ಕೆ ಅದು ಸಂಬಂಧಿಸಿದ್ದಲ್ಲ.

ಕೊನೆಗೆ ಉಳಿಯುವುದು ಯಾರಿಗೂ ಕೊಡಲಾಗದ ಸಾಮಾನು. ಒಂದೇ ಮಾದರಿಯ ಮೂರು ಮುರುಕು ಗಾಲಿಕುರ್ಚಿಗಳಿಂದ ಒಂದು ಗಟ್ಟಿ ಕುರ್ಚಿ ಕಟ್ಟಬಹುದು. ಉಳಿದ ಕಬ್ಬಿಣ ಗುಜರಿಗೆ. ರಕ್ತ, ಕೀವು ತಾಗಿದ ಹಾಸಿಗೆ, ನಳಿಕೆಗಳನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಆಸ್ಪತ್ರೆಯ ಹಳದಿ, ಕೆಂಪು ಚೀಲಗಳ ಮೂಲಕ ಸಾಗಿಸಬೇಕು. ಕೆಟ್ಟ ಕಾನ್ಸಂಟ್ರೇಟರ್, ನೆಬ್ಯುಲೈಸರ್, ಬಿಪಿ ಯಂತ್ರಗಳು 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರಿವೆ. ಅವನ್ನು ಪಡೆಯಬೇಕಾದವರು ನೋಂದಾಯಿತ ಸಂಸ್ಕರಣಾ ಘಟಕದವರೇ ಹೊರತು ತಳ್ಳುಗಾಡಿಯ ಗುಜರಿಯವರಲ್ಲ.